ರಿಪೋರ್ಟ್ ನಾರ್ಮಲ್

ಲಾಲ್‌ಬಾಗಿನಲ್ಲಿ ಬೆಳಗಿನ ಹೊತ್ತು ಮನುಷ್ಯರ ಯೋಗ್ಯತೆಯನ್ನು ಅಳೆಯುವುದು ಅವರವರ ಕಾಯಿಲೆಯ ಅಂಕಿಯಿಂದ. ಫಾಸ್ಟಿಂಗ್ ಇನ್ನೂರು ದಾಟಿದವರಿಗೆ ಬೆಂಚಿನ ನಟ್ಟನಡುವೆ ಜಾಗ. ಬಿಪಿ ನೂರಾ ಎಪ್ಪತ್ತಿಟ್ಟುಕೊಂಡು ಕೆರೆ ಸುತ್ತುವವರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು, ಅದರಲ್ಲೂ ಎರಡು ಹಾಕಿಸಿಕೊಂಡವರು, ಏನು ಹೇಳಿದರೂ ಅದೇ ಕೊನೆಯ ಮಾತು. ಇಂಥ ಸಭೆಯ ತುದಿಯಲ್ಲಿ ನಾನು ಮೊದಲ ಸಲ ಕೂತಾಗ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ತುಂಬ ಗೌರವದಿಂದಲೇ ಕೇಳಿದರು.

"ನಿಮ್ಮದೆಷ್ಟು, ಮೇಡಂ?"

"ಎಲ್ಲಾ ನಾರ್ಮಲ್ಲು."

"ಮತ್ತೆ ಕುಂಟ್ಕೊಂಡು ಬಂದ್ರಲ್ಲ?"

"ಮೈಯೆಲ್ಲಾ ನೋವು."

"ಓ, ವಾಯು," ಎಂದು ಅವರು ಪಕ್ಕದವರ ಕ್ರಿಯಾಟಿನಿನ್ ಕಡೆಗೆ ತಿರುಗಿಬಿಟ್ಟರು.

ನಮ್ಮ ಕಡೆ ವಾಯುವಿನ ಮೇಲೆ ಹೊರಿಸದ ಅಪವಾದವಿಲ್ಲ. ಆಲೂಗಡ್ಡೆ ಬಿಡಿ, ಕಡಲೆಬೇಳೆ ಮುಟ್ಟಬೇಡಿ, ರಾತ್ರಿ ಮೆಂತ್ಯ ನೆನೆಹಾಕಿ, ಎಳ್ಳೆಣ್ಣೆ ತಿಕ್ಕಿಸಿಕೊಂಡು ಹಂಡೆ ನೀರು ಹುಯ್ದುಕೊಳ್ಳಿ. ಎಲ್ಲವನ್ನೂ ಮಾಡಿದೆ. ಎಣ್ಣೆಸ್ನಾನವನ್ನಂತೂ ಈಗಲೂ ಬಿಟ್ಟಿಲ್ಲ. ನೋವು ಹೋಗದಿದ್ದರೂ ಆಮೇಲೊಂದು ನಿದ್ದೆ ಬರುತ್ತದೆ, ಅದೇನು ಕಡಿಮೆ ಲಾಭವೇ?

ರಿಪೋರ್ಟುಗಳಿಗೆ ನನ್ನಲ್ಲಿ ಬರವಿರಲಿಲ್ಲ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಥೈರಾಯ್ಡ್, ಕತ್ತಿನ ಎಕ್ಸ್‌ರೇ, ಸೊಂಟದ ಎಕ್ಸ್‌ರೇ, ಅಷ್ಟೂ ಚೊಕ್ಕ. ವಿಟಮಿನ್ ಡಿ ಒಂದು ಕಡಿಮೆ ಇತ್ತು. ಅದನ್ನು ಬೆಂಚಿನವರ ಕಿವಿಗೆ ಹಾಕಿ ನೋಡಿದೆ, ಯಾರೂ ಕತ್ತು ಹೊರಳಿಸಲಿಲ್ಲ. ಡಾಕ್ಟರೊಬ್ಬರು ಫೈಲು ಪೂರ್ತಿ ತಿರುವಿ, "ನಿಮಗೇನೂ ಇಲ್ಲಮ್ಮ, ಸಂತೋಷಪಡಿ" ಅಂದರು. ಪಟ್ಟೆ. ಅವರ ಕ್ಲಿನಿಕ್ಕಿನ ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿಯುತ್ತ ಪಟ್ಟೆ.

ಕೊನೆಗೆ ಸಿಕ್ಕ ರುಮಟಾಲಜಿಸ್ಟ್ ಫೈಲನ್ನು ಪಕ್ಕಕ್ಕೆ ಸರಿಸಿ ಹೆಬ್ಬೆರಳಲ್ಲಿ ಒತ್ತತೊಡಗಿದರು. ತಲೆಯ ಹಿಂದೆ, ಭುಜದ ಮೇಲೆ, ಎರಡನೇ ಪಕ್ಕೆಲುಬಿನ ಹತ್ತಿರ, ಮೊಣಕೈ, ಸೊಂಟದ ಕೆಳಗೆ, ಮಂಡಿಯ ಒಳಬದಿ. ಒತ್ತುವವರ ಉಗುರು ಬೆಳ್ಳಗಾಗುವಷ್ಟು ಒತ್ತಬೇಕಂತೆ, ಅಂದಾಜು ನಾಲ್ಕು ಕೆಜಿ ಭಾರ. ನಾನು ಅಯ್ಯೋ ಅಂದಲ್ಲೆಲ್ಲ ಒಂದು ಟಿಕ್ಕು. ಅಮೆರಿಕದ ರುಮಟಾಲಜಿ ಕಾಲೇಜು 1990ರಲ್ಲಿ ಮಾಡಿದ ನಿಯಮದಂತೆ ಮೈಮೇಲೆ ಇಂಥ ಜಾಗಗಳು 18. ಮೂರು ತಿಂಗಳಿಂದ ಮೈಯಿಡೀ ನೋವಿದ್ದು, ಈ ಹದಿನೆಂಟರಲ್ಲಿ 11 ಕಡೆ ಅಯ್ಯೋ ಅಂದರೆ ಅದು ಫೈಬ್ರೊಮಯಾಲ್ಜಿಯಾ. ನನಗೆ 16 ಬಂತು. ಎಸ್ಸೆಸ್ಸೆಲ್ಸಿ ಗಣಿತದಲ್ಲೂ ನಾನು ಈ ಪಾಟಿ ತೆಗೆದವಳಲ್ಲ. ಅಂತೂ ನನಗೂ ಒಂದು ನಂಬರ್ ಸಿಕ್ಕಿತಲ್ಲ, ಇನ್ನು ಬೆಂಚಿನಲ್ಲಿ ಸ್ವಲ್ಪ ನಡುವಿನ ಕಡೆಗೆ ಜರುಗಬಹುದು ಅಂದುಕೊಳ್ಳುವಷ್ಟರಲ್ಲಿ ಡಾಕ್ಟರು, "ಈ ಲೆಕ್ಕಾನ 2010ರಲ್ಲೇ ಕೈಬಿಟ್ರು. ನಂದು ಹಳೇ ಅಭ್ಯಾಸ, ಒತ್ತಿ ನೋಡ್ತೀನಿ ಅಷ್ಟೆ" ಅಂದರು. ಹೊಸ ಪದ್ಧತಿಯಲ್ಲಿ ಬರೀ ಕೇಳುತ್ತಾರೆ. ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ನಿದ್ದೆಯಿಂದ ಎದ್ದಾಗ ಹಗುರ ಅನ್ನಿಸುತ್ತದೆಯೇ, ಹೇಳಬೇಕಾದ್ದು ಮರೆತುಹೋಗುತ್ತದೆಯೇ. ಆ ಕೊನೆಯದಕ್ಕೆ ಏನೋ ಒಳ್ಳೆಯ ಉತ್ತರ ಹೊಳೆದಿತ್ತು, ಮರೆತುಹೋಯಿತು.

ಈ ಕಾಯಿಲೆಯಲ್ಲಿ ಆಗುವುದು ಏನೆಂದು ನಾನು ಅರ್ಥ ಮಾಡಿಕೊಂಡಿದ್ದು ನಮ್ಮ ಬೀದಿಯ ಗಣೇಶನ ಪೆಂಡಾಲಿನಿಂದ. ಆರ್ಕೆಸ್ಟ್ರಾದವನು ಮೈಕಿನ ಮುಂದೆ ಪಿಸುಗುಟ್ಟಿದರೂ ಮೂರು ಬೀದಿಯಾಚೆ ಕಿಟಕಿ ಗಾಜು ನಡುಗುತ್ತದೆ. ಅದು ಹಾಡುವವನ ತಪ್ಪಲ್ಲ. ವಾಲ್ಯೂಮು ಪೂರ್ತಿ ತಿರುಗಿಸಿಟ್ಟು ಊಟಕ್ಕೆ ಹೋದ ಸೌಂಡ್ ಸಿಸ್ಟಮ್ಮಿನವನ ತಪ್ಪು. ನನ್ನ ಕಾಲು ಕಳಿಸಿದ ಪುಟ್ಟ ಸುದ್ದಿಯೂ ಹಾಗೇ, ನರದಲ್ಲಿ ಹಾದು ಮೆದುಳು ಮುಟ್ಟುವಷ್ಟರಲ್ಲಿ ದೊಡ್ಡ ರಂಪವಾಗಿರುತ್ತದೆ. ಎಕ್ಸ್‌ರೇ ತೆಗೆಯುವುದು ಹಾಡುವವನ ಗಂಟಲನ್ನು, ಅದರಲ್ಲಿ ಏನು ಸಿಕ್ಕೀತು?

ಇದಕ್ಕೆ ಮದ್ದು ನಡಿಗೆ ಎಂದಾಗ ಡಾಕ್ಟರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಡೆದರೆ ನೋವು ಅಂತ ಹೇಳಲು ಬಂದವಳಿಗೆ ನಡೆಯಿರಿ ಅನ್ನುವುದೇ? ಆದರೆ 2017ರಲ್ಲಿ ಯೂರೋಪಿನ ರುಮಟಾಲಜಿ ತಜ್ಞರ ಒಕ್ಕೂಟ ಇರುವ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಮಾತ್ರೆಗಳಿಗೆ ಸಿಕ್ಕಿದ್ದು 'ಕೊಟ್ಟು ನೋಡಬಹುದು' ಎಂಬಷ್ಟು ಮರ್ಯಾದೆ. ಡಾಕ್ಟರು ಚೀಟಿಯಲ್ಲಿ ಬರೆದೂ ಕೊಟ್ಟರು: ಐದು ನಿಮಿಷದಿಂದ ಶುರು, ನಿಧಾನಕ್ಕೆ ಏರಿಸುವುದು, ನೋವು ಜಾಸ್ತಿ ಇದ್ದ ದಿನ ಪೂರ್ತಿ ಬಿಡಕೂಡದು, ಕಮ್ಮಿ ಇದ್ದ ದಿನ ಜಾಸ್ತಿ ನಡೆಯಕೂಡದು.

ಕೆಟ್ಟ ದಿನದ ಪಾಡು ಹೇಗೋ ಆಗುತ್ತದೆ. ಗೇಟಿನ ತನಕ ಹೋಗಿ ವಾಪಸ್ ಬಂದುಬಿಡೋಣ ಎಂದು ಮೈಯನ್ನು ಪುಸಲಾಯಿಸಿ ಹೊರಡಿಸಬಹುದು. ಪ್ರಾಣಕ್ಕೆ ಬರುವುದು ಒಳ್ಳೆಯ ದಿನ. ಎದ್ದು ನೆಲಕ್ಕೆ ಕಾಲಿಟ್ಟರೆ ಕಾಲು ಏನೂ ಅನ್ನುವುದಿಲ್ಲ. ಅನುಮಾನದಿಂದ ಇನ್ನೊಂದನ್ನೂ ಇಟ್ಟರೆ ಅದೂ ಏನೂ ಅನ್ನುವುದಿಲ್ಲ. ಆಗ ಶುರುವಾಗುತ್ತದೆ ನೋಡಿ ತಲೆಯಲ್ಲಿ ಯೋಜನೆಗಳ ಮೆರವಣಿಗೆ! ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿಬಿಡೋಣ, ಗಾಂಧಿಬಜಾರಿಗೆ ಹೋಗಿ ಸೊಗಡಿನ ಅವರೆಕಾಯಿ ತಂದು ಸುಲಿಯೋಣ, ಲಾಲ್‌ಬಾಗನ್ನು ಎರಡು ಸುತ್ತು ಹಾಕೋಣ. ಇದರ ಬಿಲ್ಲು ಅವತ್ತೇ ಬಂದರೆ ಯಾರಾದರೂ ಹುಷಾರಾಗಿರುತ್ತಿದ್ದರು. ಬರುವುದು ಮಾರನೇ ದಿನ, ಇಲ್ಲವೇ ಅದರ ಮಾರನೇ ದಿನ. ಹಾಗಾಗಿ ನಾನು ಬೆಳಿಗ್ಗೆ ಹಾಡು ಗುನುಗಿದರೆ ನಮ್ಮ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. "ಕೂತ್ಕೊಳ್ಳೇ ಮಾರಾಯ್ತಿ, ನೀನು ಚೆನ್ನಾಗಿದೀನಿ ಅಂದ್ರೆ ನಂಗೆ ಭಯ" ಅನ್ನುತ್ತಾರೆ.

ಬೆಂಚಿನವರಿಗೆ ಇದನ್ನು ತಿಳಿಸಿ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ.

"ಇಷ್ಟು ಬೇಗ ಹೊರಟ್ರಾ? ಇವತ್ತು ಲವಲವಿಕೆಯಿಂದ ಓಡಾಡ್ತಿದೀರಲ್ಲ!"

"ಅದಕ್ಕೇ ಹೊರಟೆ."

ಇನ್ನೊಂದು ದಿನ, "ಅಯ್ಯೋ, ಹೆಜ್ಜೆ ಇಡಕ್ಕೂ ಆಗ್ತಿಲ್ಲ ನಿಮಗೆ, ಮನೇಲಿ ಮಲಗಬಾರದಾಗಿತ್ತಾ?"

"ಅದಕ್ಕೇ ಬಂದೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ವಾಯು ತಲೆಗೆ ಏರಿದೆ ಎಂದು ತೀರ್ಮಾನವಾಗಿರಬೇಕು.

ಅಲ್ಲದೆ ಈಗೀಗ ನಾನು ಆ ಸಭೆಗೆ ಸಿಗುವುದೂ ಅಪರೂಪ. ಈ ಕಾಯಿಲೆಯವರ ಮೈ ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಸಡಿಲವಾಗಲು ಅದಕ್ಕೆ ಅದರದೇ ಹೊತ್ತು ಬೇಕು. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಯವರಿಗೆ ಒಂಬತ್ತರ ತನಕ ಪುಕ್ಕಟೆ, ಆಮೇಲೆ ಟಿಕೆಟ್ಟು. ದುಡ್ಡು ತೆತ್ತು ವಾಕಿಂಗ್ ಮಾಡುವ ಹೆಂಗಸು ಜಯನಗರದಲ್ಲಿ ನಾನೊಬ್ಬಳೇ ಇರಬೇಕು. ಕೌಂಟರಿನ ಹುಡುಗ ಒಮ್ಮೆ, "ಸ್ವಲ್ಪ ಬೇಗ ಎದ್ದು ಬಂದ್ರೆ ಫ್ರೀ ಅಲ್ವಾಮ್ಮ?" ಅಂದ. "ನಾನು ಐದೂವರೆಗೇ ಎದ್ದಿದೀನಪ್ಪ, ಮಂಡಿ ಈಗ ಎದ್ದಿದೆ" ಅಂದೆ.

ಆ ಹೊತ್ತಿನ ಲಾಲ್‌ಬಾಗಿನಲ್ಲಿ ಕೈ ಬೀಸಿಕೊಂಡು ಹಿಂದಿನಿಂದ ನುಗ್ಗುವವರಿಲ್ಲ, ಹಾಗಲಕಾಯಿ ಜ್ಯೂಸಿನ ಉಪದೇಶವಿಲ್ಲ. ಗಾಜಿನ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು, ಮರದ ಮರೆಯ ಜೋಡಿಗಳು, ಯಾರಿಗೂ ನನ್ನ ವೇಗದ ಗೊಡವೆಯಿಲ್ಲ. ಕೆಂಪೇಗೌಡರ ಗೋಪುರವಿರುವ ಬಂಡೆಯ ಬುಡದವರೆಗೆ ಹೋಗಿ ತಿರುಗುತ್ತೇನೆ. ಹತ್ತುವುದು ನನ್ನ ಚೀಟಿಯಲ್ಲಿಲ್ಲ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಅಂಕಿಯ ವಿಷಯದಲ್ಲಿ ಎರಡು ಸ್ಟೆಂಟಿನವರೂ ಅದರ ಮುಂದೆ ಬಾಯಿ ಮುಚ್ಚಬೇಕು.

ಅಂಕಿಯ ಕಾಟ ಅಷ್ಟಕ್ಕೇ ಮುಗಿಯಲಿಲ್ಲ. ಅಟ್ಲಾಂಟಾದಲ್ಲಿರುವ ಮಗ ಹೆಜ್ಜೆ ಎಣಿಸುವ ವಾಚು ಕಳಿಸಿದ, ದಿನಕ್ಕೆ ಹತ್ತು ಸಾವಿರದ ಗುರಿಯನ್ನೂ ಅವನೇ ತುಂಬಿಸಿ. ಈ ಹತ್ತು ಸಾವಿರ ಯಾವ ವೈದ್ಯರೂ ಕಂಡುಹಿಡಿದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟುಕೊಂಡ ಸಂಖ್ಯೆ ಅದು. ಹೇಳಿದರೆ ವಾಚು ಕೇಳಬೇಕಲ್ಲ! ಕೂತರೆ ಏಳು ಅನ್ನುತ್ತದೆ, ಮಲಗಿದರೆ ಮಣಿಕಟ್ಟಿನಲ್ಲಿ ಗುರುಗುಟ್ಟುತ್ತದೆ. ನನ್ನ ಕಾಯಿಲೆಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಯಂತ್ರ ಬೇಕು, ಅದನ್ನಿನ್ನೂ ಯಾರೂ ಮಾರುತ್ತಿಲ್ಲ. ಬಿಚ್ಚಿ ಇವರ ಕೈಗೆ ಕಟ್ಟಿದೆ. ಖಾತೆ ಮಾತ್ರ ನನ್ನ ಹೆಸರಲ್ಲೇ ಉಳಿಯಿತು.

ಇವರದು ಕೈ ಬೀಸದೆ ಬಾಯಿ ತೆರೆಯದ ಜಾತಿ. ಕ್ರಿಕೆಟ್ ನೋಡುತ್ತ ಅಂಪೈರಿಗೆ ಬೈದದ್ದು, ಫೋನಿನಲ್ಲಿ ತಮ್ಮನ ಜೊತೆ ಊರಿನ ಜಮೀನಿನ ಮಾತಾಡಿದ್ದು, ಎಲ್ಲವನ್ನೂ ವಾಚು ಹೆಜ್ಜೆ ಎಂದೇ ಬರೆದುಕೊಳ್ಳುತ್ತದೆ. ಅದು ತಿಳಿದ ಮೇಲೆ ಇವರಿಗೆ ಅಡುಗೆಮನೆಯಲ್ಲೂ ಆಸಕ್ತಿ ಹುಟ್ಟಿದೆ. ಮೊನ್ನೆ ಮಗ ಫೋನ್ ಮಾಡಿ, "ಅಮ್ಮಾ, ನಿನ್ನೆ ಹನ್ನೊಂದು ಸಾವಿರ! ನಾನು ಹೇಳ್ಲಿಲ್ವಾ, ಮನಸ್ಸು ಮಾಡಿದ್ರೆ ಎಲ್ಲಾ ಆಗತ್ತೆ" ಎಂದು ಕೂಗಾಡಿದ.

"ಏನೋಪ್ಪ, ಎಲ್ಲಾ ನಿನ್ನ ವಾಚಿನ ಪುಣ್ಯ" ಅಂದೆ.

ಎದುರಿಗೆ ಇವರು ಹಿಟ್ಟಿನ ಕೈ ಎತ್ತಿ ವಾಚು ನೋಡಿಕೊಂಡು ಪಿಸುಗುಟ್ಟಿದರು: "ಇವತ್ತು ಇನ್ನೂ ಎಂಟುನೂರು ಕಮ್ಮಿ ಇದೆ ಕಣೇ. ನಾಳೆಗೂ ಚಪಾತಿ ಲಟ್ಟಿಸಿಬಿಡ್ಲಾ?"