ಓಪನ್ ಆಗ್ತಿಲ್ಲ ರಾಯರು

ನಾಲ್ಕಾರು ಜನ ಸೇರಿ ಒಂದೇ ಇಮೇಲ್ ವಿಳಾಸವನ್ನು ನೋಡಿಕೊಳ್ಳುವ ಪ್ರತಿಯೊಂದು ಕಚೇರಿಯಲ್ಲೂ ಒಬ್ಬರು ಓಪನ್ ಆಗ್ತಿಲ್ಲ ರಾಯರು ಇದ್ದೇ ಇರುತ್ತಾರೆ. ಪೀಣ್ಯದ ಕಾರ್ಖಾನೆಗಳ ಅಕೌಂಟ್ಸ್, ಪರ್ಚೇಸ್, ಡಿಸ್ಪ್ಯಾಚ್ ವಿಭಾಗಗಳಲ್ಲಿ ಇವರ ಸಂಖ್ಯೆ ಹೆಚ್ಚು. ವಯಸ್ಸು ಐವತ್ತರ ಮೇಲೆ. ಮೇಜಿನ ಮೇಲೆ ಎಲ್‌ಐಸಿ ಡೈರಿ, ಪಂಚಿಂಗ್ ಮಷೀನು, ಹೊಟ್ಟೆ ಬಿರಿಯುವಂತೆ ತುಂಬಿದ ಬಾಕ್ಸ್ ಫೈಲು. ರಾಯರೇ ಆಗಿರಬೇಕೆಂದಿಲ್ಲ, ಗೌಡರು, ಶೆಟ್ಟರು, ಮೇಡಮ್ಮಂದಿರೂ ಈ ಪದವಿಗೆ ಏರಿದ್ದಾರೆ. ಇಲ್ಲಿ ರಾಯರೆಂದೇ ಕರೆಯುವುದಕ್ಕೆ ಕಾರಣವಿದೆ, ಅದನ್ನು ಹೇಳದಿರುವುದು ಕ್ಷೇಮ.

ಇವರನ್ನು ಅರಿಯಲು ಮೊದಲು ಶೇರ್ಡ್ ಮೇಲ್‌ಬಾಕ್ಸ್‌ನ ಸ್ವಭಾವ ತಿಳಿದಿರಬೇಕು. ಅದು ವಠಾರದ ನಲ್ಲಿಯಿದ್ದಂತೆ: ನೀರು ಎಲ್ಲರಿಗೂ ಬೇಕು, ಕೆಟ್ಟಾಗ ಪ್ಲಂಬರನ್ನು ಕರೆಯುವವರು ಯಾರೆಂಬುದು ಮಾತ್ರ ತೀರ್ಮಾನವಾಗಿರುವುದಿಲ್ಲ. ಮೈಕ್ರೋಸಾಫ್ಟ್ 365ರಲ್ಲಿ ಇಂಥ ಪೆಟ್ಟಿಗೆಗೆ 50 ಜಿಬಿವರೆಗೆ ಪ್ರತ್ಯೇಕ ಲೈಸೆನ್ಸ್ ಬೇಡ. ಅದರ ಹೆಸರಿನಲ್ಲಿ ನೇರವಾಗಿ ಲಾಗಿನ್ ಆಗುವಂತಿಲ್ಲ; ಆ ದಾರಿಯನ್ನು ಬ್ಲಾಕ್ ಮಾಡಿಡಿ ಎಂದು ಕಂಪನಿಯೇ ಹೇಳುತ್ತದೆ. ಅಡ್ಮಿನ್ ಯಾರ ಯಾರ ಹೆಸರು ಸೇರಿಸಿರುತ್ತಾನೋ ಅವರು ತಮ್ಮ ತಮ್ಮ ಖಾತೆಯೊಳಗಿಂದಲೇ ಅದನ್ನು ನೋಡಬಹುದು. ಹಾಗಾಗಿ ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಬೇಕಾದ್ದಿಲ್ಲ.

ರಾಯರು ಇದನ್ನು ಒಪ್ಪುವುದಿಲ್ಲ. “ಪಾಸ್‌ವರ್ಡ್ ಇಲ್ಲದ ಪೆಟ್ಟಿಗೆ ಎಂಥದಪ್ಪಾ?” ಎಂಬುದು ಅವರ ಮೂಲಭೂತ ಪ್ರಶ್ನೆ. ಅವರ ಡೈರಿಯಲ್ಲಿ ಹಾಲಿನ ಲೆಕ್ಕದ ಕೆಳಗೆ ಒಂದು ಪಾಸ್‌ವರ್ಡ್ ಇದೆ. ಒಂದೇ ಖಾತೆಯನ್ನು ಇಡೀ ವಿಭಾಗ ಬಳಸುತ್ತಿದ್ದ ಕಾಲದ್ದು ಅದು. ಬರೀ ಹೆಸರು, ಪಾಸ್‌ವರ್ಡ್ ನೋಡಿ ಒಳಬಿಡುತ್ತಿದ್ದ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ನಿಲ್ಲಿಸುತ್ತ ಬಂತು. ರಾಯರ ಡೈರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

‘ಓಪನ್ ಆಗ್ತಿಲ್ಲ’ ಎಂಬ ಅವರ ದೂರಿಗೆ ಕನಿಷ್ಠ ಮೂರು ಅರ್ಥಗಳಿವೆ. ಪೆಟ್ಟಿಗೆ ಪರದೆಯಲ್ಲಿ ಕಾಣುತ್ತಲೇ ಇಲ್ಲ ಎಂಬುದು ಒಂದು. ಪೆಟ್ಟಿಗೆಯ ಪೂರ್ಣ ಹಕ್ಕನ್ನು ವ್ಯಕ್ತಿಯ ಹೆಸರಿಗೇ ಕೊಟ್ಟರೆ ಅದು ಔಟ್‌ಲುಕ್‌ನಲ್ಲಿ ತಾನಾಗಿ ಬಂದು ಕೂರುತ್ತದೆ. ಗುಂಪಿಗೆ ಕೊಟ್ಟರೆ ಬರುವುದಿಲ್ಲ, ಕೈಯಾರೆ ಸೇರಿಸಿಕೊಳ್ಳಬೇಕು. ಹೊಸದಾಗಿ ಕೊಟ್ಟ ಹಕ್ಕು ಜಾರಿಗೆ ಬರಲು ಒಮ್ಮೊಮ್ಮೆ ಒಂದು ಗಂಟೆ ಹಿಡಿಯುವುದೂ ಉಂಟು. ಪೆಟ್ಟಿಗೆ ಕಾಣುತ್ತದೆ, ಒತ್ತಿದರೆ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಮೂರನೆಯದರಲ್ಲಿ ಎಲ್ಲ ತೆರೆಯುತ್ತದೆ, ಓದಲೂ ಬರುತ್ತದೆ, ಉತ್ತರ ಮಾತ್ರ ಹೋಗುವುದಿಲ್ಲ. ಏಕೆಂದರೆ ಓದುವ ಹಕ್ಕು ಬೇರೆ, ಆ ವಿಳಾಸದಿಂದ ಕಳಿಸುವ ಹಕ್ಕು ಬೇರೆ. ಬ್ರೌಸರ್‌ನಲ್ಲಿ ತೆರೆದು ನೋಡುವುದೇ ಮೊದಲ ಪರೀಕ್ಷೆ. ಅಲ್ಲಿ ಕಂಡರೆ ಹಕ್ಕು ಸರಿಯಿದೆ, ತೊಂದರೆ ಕಂಪ್ಯೂಟರಿನ ಔಟ್‌ಲುಕ್‌ನದು. ಅಲ್ಲೂ ಇಲ್ಲವೆಂದರೆ ಅಡ್ಮಿನ್ ನೋಡಬೇಕು. ಇಷ್ಟನ್ನು ಫೋನಿನಲ್ಲಿ ತಿಳಿದುಕೊಳ್ಳಲು ಎರಡು ನಿಮಿಷ ಸಾಕೆಂದು ಹೆಲ್ಪ್‌ಡೆಸ್ಕ್‌ನ ಕೈಪಿಡಿಗಳು ನಂಬಿವೆ. ಅವನ್ನು ಬರೆದವರಿಗೆ ರಾಯರು ಫೋನ್ ಮಾಡಿದಂತಿಲ್ಲ.

ಉದಾಹರಣೆಗೆ, ತಿಂಗಳ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಸಲ್ಲಿಸುವ ಕಡೆಯ ದಿನ. ಸಪ್ಲೈಯರ್ ಕಳಿಸಿದ ಇನ್‌ವಾಯ್ಸ್ ಪೆಟ್ಟಿಗೆಯಲ್ಲಿದೆ.

“ಓಪನ್ ಆಗ್ತಿಲ್ಲ ಕಣಪ್ಪಾ.”

“ಸಾರ್, ಎಡಗಡೆ ಏನೇನು ಕಾಣ್ತಿದೆ?”

“ಎಡಗಡೆ ಕಿಟಕಿ ಇದೆ.”

“ಅದಲ್ಲ ಸಾರ್, ಬೇರೆ ಏನಿದೆ ನೋಡಿ.”

“ಕ್ಯಾಲೆಂಡರ್ ಇದೆ.”

ಔಟ್‌ಲುಕ್‌ನಲ್ಲೂ ಎಡಗಡೆ ಕ್ಯಾಲೆಂಡರ್ ಇರುವುದರಿಂದ ಹೆಲ್ಪ್‌ಡೆಸ್ಕ್ ಹುಡುಗನಿಗೆ ಜೀವ ಬಂತು. “ಹಾಂ, ಅದರ ಮೇಲೆ ಇರೋದನ್ನ ಒತ್ತಿ ಸಾರ್.” ಕುರ್ಚಿ ಸರಿದ ಸದ್ದು, ಸ್ವಲ್ಪ ಹೊತ್ತು ಮೌನ. ಕೋಆಪರೇಟಿವ್ ಬ್ಯಾಂಕಿನ ಆ ಗೋಡೆ ಕ್ಯಾಲೆಂಡರಿನ ಮೇಲಿದ್ದದ್ದು ಮೊಳೆ. ರಾಯರು ಅದನ್ನು ಒತ್ತಿದ್ದರು. “ಒತ್ತಿದೆನಪ್ಪಾ, ಏನೂ ಆಗ್ಲಿಲ್ಲ.”

ಕೊನೆಗೆ ಹುಡುಗ ಮೆಟ್ಟಿಲಿಳಿದು ಬರುತ್ತಾನೆ. ರಾಯರ ಸ್ವಂತ ಇನ್‌ಬಾಕ್ಸ್‌ನ ಅಡಿಯಲ್ಲಿ ಸಪ್ಲೈಯರಿಗೊಂದು ಫೋಲ್ಡರು. ಅವುಗಳ ಜೊತೆಗೆ ‘ಇತರೆ’, ‘ಇತರೆ ಹೊಸದು’, ‘ಇತರೆ ಹೊಸದು ಮುಖ್ಯ’. ಶೇರ್ಡ್ ಮೇಲ್‌ಬಾಕ್ಸ್ ಇವೆಲ್ಲ ಮುಗಿದ ಮೇಲೆ, ತಳದಲ್ಲಿರುತ್ತದೆ. ಹುಡುಗ ಮೌಸಿನ ಚಕ್ರ ತಿರುಗಿಸಿದ ಕೂಡಲೇ ಕಾಣಿಸಿಕೊಳ್ಳುತ್ತದೆ.

“ಇಲ್ಲೇ ಇದೆಯಲ್ಲ ಸಾರ್.”

“ನೀನು ಬಂದ್ಮೇಲೆ ಬಂತು.”

ಪೆಟ್ಟಿಗೆ ತೆರೆದ ಮೇಲಿನ ಸಂಗತಿಗಳು ಇನ್ನೂ ಗಂಭೀರ. ಒಬ್ಬರು ಓದಿದರೆ ಮೇಲ್ ಎಲ್ಲರ ಪಾಲಿಗೂ ಓದಿದಂತೆಯೇ ಕಾಣುತ್ತದೆ. ರಾಯರು ಬೆಳಿಗ್ಗೆ ಎಂಟೂವರೆಗೇ ಬಂದು ಎಲ್ಲವನ್ನೂ ಓದಿಡುತ್ತಾರೆ. ಒಂಬತ್ತೂವರೆಗೆ ಬಂದವರಿಗೆ ಹೊಸ ಮೇಲೇ ಇಲ್ಲ. ರಾಯರು ಕಳಿಸಿದ ಉತ್ತರದ ಪ್ರತಿ, ಅಡ್ಮಿನ್ ಬೇರೆ ವ್ಯವಸ್ಥೆ ಮಾಡದಿದ್ದರೆ, ಅವರ ಸ್ವಂತ ಸೆಂಟ್ ಫೋಲ್ಡರಿನಲ್ಲಿ ಉಳಿಯುತ್ತದೆ. ಹೀಗಾಗಿ ಒಬ್ಬನೇ ಸಪ್ಲೈಯರ್ ಒಂದೇ ವಿಳಾಸದಿಂದ ಮೂವರ ಉತ್ತರ ಪಡೆದು, ಮೂರು ಬೇರೆ ಬೇರೆ ದಿನ ದುಡ್ಡು ಬರುತ್ತದೆಂದು ತಿಳಿದು, ಮೂರೂ ದಿನ ಫೋನ್ ಮಾಡುತ್ತಾನೆ. ಕಂಪ್ಯೂಟರಿನ ಹಳೆಯ ಔಟ್‌ಲುಕ್‌ನಲ್ಲಿ ರಾಯರು ಅಳಿಸಿದ ಮೇಲ್ ಕೂಡ ಸಾಮಾನ್ಯವಾಗಿ ಅವರ ಕಸದಬುಟ್ಟಿಗೇ ಹೋಗುತ್ತದೆ. ಉಳಿದವರು ಶೇರ್ಡ್ ಪೆಟ್ಟಿಗೆಯ ಬುಟ್ಟಿಯನ್ನು ಕೆದಕಿ ಕೆದಕಿ ಸುಸ್ತಾಗುತ್ತಾರೆ.

ಎರರ್ ಮೆಸೇಜಿನ ಫೋಟೋ ಕಳಿಸಿ ಎಂದರೆ ಮೊಬೈಲಿನಲ್ಲಿ ತೆಗೆದು ವಾಟ್ಸಾಪ್ ಮಾಡುತ್ತಾರೆ. ಅದರಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಸ್ಪಷ್ಟವಾಗಿರುತ್ತದೆ, ಊಟದ ಡಬ್ಬಿಯೂ ಇರುತ್ತದೆ. ರೀಸ್ಟಾರ್ಟ್ ಮಾಡಿ ಎಂದರೆ ಮಾನಿಟರ್ ಆರಿಸಿ ಹಚ್ಚುತ್ತಾರೆ. ಹಾಗೆಂದು ಹೆಲ್ಪ್‌ಡೆಸ್ಕ್ ಕುಲವೂ ಸಾಚಾ ಅಲ್ಲ. ಏನೇ ಕೇಳಿದರೂ ‘ರೀಸ್ಟಾರ್ಟ್ ಮಾಡಿ ಸಾರ್’ ಎಂದು ಹೇಳಿ, ಅಷ್ಟರಲ್ಲಿ ತಾನೇ ಸರಿಹೋಗಲಿ ಎಂದು ಮನಸ್ಸಿನಲ್ಲೇ ಹರಕೆ ಹೊರುವುದು ಅವರ ವೃತ್ತಿರಹಸ್ಯ.

ರಾಯರು ಮುಖ್ಯವಾದ ಮೇಲನ್ನೆಲ್ಲ ಪ್ರಿಂಟ್ ತೆಗೆದು, ತೂತು ಹೊಡೆದು, ಬಾಕ್ಸ್ ಫೈಲಿಗೆ ಹಾಕುತ್ತಾರೆ. ಈ ಅಭ್ಯಾಸವನ್ನು ಆಡಿಕೊಳ್ಳುವವರೇ ಆಡಿಟ್ ಸಮಯದಲ್ಲಿ ಆ ಫೈಲಿನ ಮುಂದೆ ಕ್ಯೂ ನಿಲ್ಲುತ್ತಾರೆ. ಯಾವ ಸಪ್ಲೈಯರ್ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ತಪ್ಪಾಗಿ ಹಾಕುತ್ತಾನೆ, ಯಾರ ಮಗಳ ಮದುವೆ ಹತ್ತಿರವಿದೆ, ಯಾರ ದುಡ್ಡು ತಡೆಹಿಡಿಯಬಾರದು ಎಂಬುದು ಅವರ ನಾಲಿಗೆ ತುದಿಯಲ್ಲಿದೆ. ಮೆಟ್ಟಿಲಿಳಿದು ಬಂದ ಹುಡುಗನಿಗೆ ಬೈಟು ಕಾಫಿ ತರಿಸದೆ ಅವರು ಕಳಿಸುವುದಿಲ್ಲ. ಈಚೆಗೆ ಸೇರಿದವರು ಫೋನ್ ಮಾಡುವುದಿಲ್ಲ. ಪೋರ್ಟಲ್‌ನಲ್ಲಿ ಟಿಕೆಟ್ ಹಾಕುತ್ತಾರೆ, ಎರರ್ ನಂಬರನ್ನೂ ಸರಿಯಾಗಿ ಬರೆಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ‘ಊರಿಗೆ ಹೋಗಿದ್ಯಾ? ನಿಮ್ಮಮ್ಮನ ಮಂಡಿನೋವು ಹೇಗಿದೆ?’ ಎಂದು ಕೇಳುವ ಕಾಲಂ ಆ ಫಾರಂನಲ್ಲಿಲ್ಲ.

ರಾಯರು ನಿವೃತ್ತರಾದಾಗ ಶೇರ್ಡ್ ಪೆಟ್ಟಿಗೆಗೆ ಏನೂ ಆಗುವುದಿಲ್ಲ. ಅವರು ಕಳಿಸಿದ ಉತ್ತರಗಳು, ಸಪ್ಲೈಯರಿಗೊಂದು ಫೋಲ್ಡರು, ಮೂರೂ ‘ಇತರೆ’ಗಳು ಇರುವುದು ಅವರ ಸ್ವಂತ ಖಾತೆಯಲ್ಲಿ. ಆ ಖಾತೆಯನ್ನು ಡಿಲೀಟ್ ಮಾಡಿದರೆ 30 ದಿನ ಮಾತ್ರ ವಾಪಸ್ ತರಬಹುದು. ಅಕೌಂಟ್ಸ್ ವಿಭಾಗದವರು ಬೀಳ್ಕೊಡುಗೆಯ ಹಾರ ತರುವ ಮುಂಚೆ ಅಡ್ಮಿನ್‌ಗೆ ಒಂದು ಮಾತು ಹೇಳಿದರೆ, ಲೈಸೆನ್ಸ್ ತೆಗೆಯುವ ಮೊದಲೇ ಅವನು ರಾಯರ ಮೇಲ್‌ಬಾಕ್ಸನ್ನೇ ಶೇರ್ಡ್ ಮೇಲ್‌ಬಾಕ್ಸ್ ಆಗಿ ಬದಲಾಯಿಸಬಲ್ಲ. 50 ಜಿಬಿ ಮೀರಿರದಿದ್ದರೆ ಇದಕ್ಕೆ ಕಂಪನಿಗೆ ಒಂದು ಪೈಸೆಯೂ ಖರ್ಚಿಲ್ಲ.