ಬಿ ಪ್ಲಸ್ ಅಂದ್ರೆ ಎಷ್ಟು ಮೇಷ್ಟ್ರೇ?

ಎರಡು ಮನೆಗಳ ನಡುವಿನ ಕಾಂಪೌಂಡು ಎದೆಮಟ್ಟ ಮೀರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಣಕೈ ಊರಲು ಬರಬೇಕು, ಕಾಫಿ ಲೋಟ ಇಡಲು ಜಾಗ ಇರಬೇಕು. ತಿಪಟೂರಿನ ನಮ್ಮ ಬೀದಿಯಲ್ಲಿ ಹೊಸದಾಗಿ ಮನೆ ಕಟ್ಟಿಸುವವರೆಲ್ಲ ಏಳಡಿ ಗೋಡೆ ಎಬ್ಬಿಸಿ ಅದರ ಮೇಲೆ ಗಾಜಿನ ಚೂರು ನೆಡಿಸುತ್ತಿದ್ದಾರೆ. ಪುಣ್ಯಕ್ಕೆ ನಮ್ಮ ಪಕ್ಕದ ಸಾಹುಕಾರರದು ಹಳೇ ಮನೆ. ಅವರದು ಕೊಬ್ಬರಿ ವ್ಯಾಪಾರ. ನಾನು ಸೀಮೆಸುಣ್ಣದ ಪುಡಿ ಕುಡಿದು ನಿವೃತ್ತನಾದವನು. ಹೀಗಾಗಿ ನಮ್ಮ ಬೆಳಗಿನ ಹರಟೆಯಲ್ಲಿ ಕೊಬ್ಬರಿ ಧಾರಣೆಗೂ ಶಿಕ್ಷಣ ಇಲಾಖೆಗೂ ಸಮಪಾಲು.

ಮೊನ್ನೆ ಅವರು ಕೈಯಲ್ಲಿ ಮೊಮ್ಮಗನ ಪ್ರಗತಿಪತ್ರ ಹಿಡಿದುಕೊಂಡೇ ಗೋಡೆಯ ಹತ್ತಿರ ಬಂದರು. ಹುಡುಗ ನಾಲ್ಕನೇ ಕ್ಲಾಸು.

"ಮೇಷ್ಟ್ರೇ, ಗಣಿತದ ಮುಂದೆ ಬಿ ಪ್ಲಸ್ ಅಂತ ಬರ್ದವ್ರೆ. ನಾನು ರಕ್ತದ ಗುಂಪು ಅಂದ್ಕೊಂಡೆ. ಸೊಸೆ ನೋಡಿದ್ರೆ ಬೆಳಗ್ಗಿಂದ ಮುಖ ಗಂಟು ಹಾಕ್ಕೊಂಡು ಕೂತವ್ಳೆ. ಏನು ಅಷ್ಟು ಕೆಟ್ಟದ್ದಾ?"

ಬಿ ಪ್ಲಸ್ ಎಂದರೆ ನೂರಕ್ಕೆ 50ರಿಂದ 69ರ ಒಳಗೆ ಎಂದೆ. 70 ದಾಟಿದರೆ ಎ, 90 ದಾಟಿದರೆ ಎ ಪ್ಲಸ್.

"ಅಂದ್ರೆ 50 ತಗೊಂಡೋನೂ 69 ತಗೊಂಡೋನೂ ಒಂದೇನಾ? ಇದೇನು ನ್ಯಾಯ?"

ವ್ಯಾಪಾರಿಯ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಸರಿಯಾಗಿಯೇ ಇರುತ್ತದೆ. ಒಂದೆರಡು ಅಂಕದ ಹಿಂದೆ ಬಿದ್ದು ಮಕ್ಕಳನ್ನು ಸಾಲಾಗಿ ನಿಲ್ಲಿಸಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಶ್ರೇಣಿ ತಂದದ್ದು. ಆದರೆ ಮನೆಯಲ್ಲಿ ಎಲ್ಲರೂ ಆ ಅಕ್ಷರವನ್ನು ಮತ್ತೆ ಅಂಕಕ್ಕೆ ತಿರುಗಿಸಿ, ಅಂಕವನ್ನು ಪಕ್ಕದ ಮನೆಯ ಹುಡುಗನ ಅಂಕಕ್ಕೆ ಹೋಲಿಸಿ, ಆಮೇಲೆಯೇ ಊಟಕ್ಕೆ ಏಳುವುದು.

ಪತ್ರದ ತಲೆಯ ಮೇಲೆ 'ಎಫ್ಎ-1' ಎಂದಿತ್ತು. ಅದನ್ನೂ ಕೇಳಿದರು. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ಎಫ್ಎ, ಎರಡು ಎಸ್ಎ. ಎಫ್ಎ ಎಂದರೆ ರೂಪಣಾತ್ಮಕ ಮೌಲ್ಯಮಾಪನ, ಎಸ್ಎ ಎಂದರೆ ಸಂಕಲನಾತ್ಮಕ ಮೌಲ್ಯಮಾಪನ. ಈ ಎರಡು ಹೆಸರುಗಳನ್ನು 1967ರಲ್ಲಿ ಹುಟ್ಟುಹಾಕಿದವರು ಮೈಕೆಲ್ ಸ್ಕ್ರಿವೆನ್. ಅವರು ಅಳೆಯಲು ಹೊರಟದ್ದು ಮಕ್ಕಳನ್ನಲ್ಲ, ಪಠ್ಯಕ್ರಮವನ್ನು. ಅದನ್ನು ಮಕ್ಕಳ ಕಲಿಕೆಗೆ ತಂದು ಜೋಡಿಸಿದವರು ಬೆಂಜಮಿನ್ ಬ್ಲೂಮ್. ಬಿ.ಇಡಿ. ಮಾಡಿದವರೆಲ್ಲ ಉರು ಹೊಡೆದ ಆ ಬ್ಲೂಮ್‌ರೇ. ಕಲಿಯುತ್ತಿರುವಾಗ, ಇನ್ನೂ ತಿದ್ದಲು ಸಮಯ ಇರುವಾಗ ನೋಡುವುದು ರೂಪಣಾತ್ಮಕ. ಕಲಿತು ಮುಗಿದ ಮೇಲೆ ಎಷ್ಟು ಬಂತು ಎಂದು ಲೆಕ್ಕ ಹಾಕುವುದು ಸಂಕಲನಾತ್ಮಕ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕು ಎಂದು ಬರೆದ ಮೇಲೆ ಇವು ಹಳ್ಳಿ ಹಳ್ಳಿಯ ಪ್ರಗತಿಪತ್ರಕ್ಕೂ ಇಳಿದವು.

"ನಮ್ಮ ಕಾಲ್ದಾಗೆ ಕಿರುಪರೀಕ್ಷೆ ಅಂತಿದ್ರಲ್ಲ, ಅದೇ ತಾನೆ?"

ಅದೇ ಆಗಬಾರದಿತ್ತು, ಅದೇ ಆಗಿಬಿಟ್ಟಿದೆ ಎಂದೆ.

ಆಮೇಲೆ ಉತ್ತರಪತ್ರಿಕೆ ತರಿಸಿದೆ. ಸೊಸೆಯೇ ತಂದು ಗೋಡೆಯ ಮೇಲಿಟ್ಟರು. ಕಳೆಯುವ ಲೆಕ್ಕ ಹತ್ತು, ಐದಕ್ಕೆ ಸರಿ ಗುರುತು, ಐದಕ್ಕೆ ಕೆಂಪು ಅಡ್ಡಗೀಟು. 52ರಲ್ಲಿ 27 ಕಳೆದು ಹುಡುಗ 35 ಎಂದು ಬರೆದಿದ್ದ. 81ರಲ್ಲಿ 46 ಹೋದರೆ 45. ನೋಡುತ್ತಿದ್ದ ಹಾಗೆ ನನಗೆ ಖುಷಿಯಾಯಿತು. ಸಾಹುಕಾರರಿಗೆ ಸಿಟ್ಟು ಬಂತು.

"ತಪ್ಪು ಮಾಡವ್ನೆ, ನೀವು ನಗ್ತೀರಲ್ಲ!"

ತಪ್ಪು ಬಹಳ ನಿಯತ್ತಿನ ತಪ್ಪು ಸ್ವಾಮಿ. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಅವನಿಗೆ ಗೊತ್ತು. ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು ಬರೆದ. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅನ್ನುವುದು ಅವನೇ ಮಾಡಿಕೊಂಡ ಕಾನೂನು. ದಶಕ ತೆಗೆದುಕೊಳ್ಳುವ ಅಗತ್ಯವಿಲ್ಲದ ಐದೂ ಲೆಕ್ಕ ಸರಿ, ದಶಕ ತೆಗೆದುಕೊಳ್ಳಬೇಕಾದ ಐದೂ ತಪ್ಪು. ಒಂದು ಕಟ್ಟು ಕಡ್ಡಿ ತಗೊಂಡು, ಹತ್ತರ ಕಟ್ಟು ಬಿಚ್ಚಿ ತೋರಿಸಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತಾನೆ. ಅದೇ ಕ್ಲಾಸಿನಲ್ಲಿ ಇನ್ನೊಬ್ಬನಿಗೂ ಹತ್ತಕ್ಕೆ ಐದು ಬಂದಿರಬಹುದು. ಅವನಿಗೆ ದಶಕ ಗೊತ್ತು, ಅಂಕಿ ನಕಲು ಮಾಡಿಕೊಳ್ಳುವಾಗ 6 ಇದ್ದದ್ದನ್ನು 9 ಮಾಡಿಕೊಂಡಿದ್ದಾನೆ. ಅವನಿಗೆ ಬೇಕಾದದ್ದು ಕಡ್ಡಿ ಅಲ್ಲ, ಕಣ್ಣಿನ ಡಾಕ್ಟರು. ಇಬ್ಬರಿಗೂ ಬಿ ಪ್ಲಸ್!

ಯಾರ ತಪ್ಪಿಗೆ ಯಾವುದು ಕಾರಣ ಎಂದು ಹುಡುಕುವುದಕ್ಕೆ ನೈದಾನಿಕ ಪರೀಕ್ಷೆ ಎನ್ನುತ್ತಾರೆ, ಅದರ ಹಿಂದೆ ಬರಬೇಕಾದದ್ದು ಪರಿಹಾರ ಬೋಧನೆ. ಶಾಲೆ ಶುರುವಾದ ಕೂಡಲೇ ನಡೆಯುವ ಸೇತುಬಂಧದಲ್ಲಿ ಪೂರ್ವಪರೀಕ್ಷೆ ಇರುವುದು ಇದೇ ಕೆಲಸಕ್ಕೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿಕಲಿಯಲ್ಲಂತೂ ಕಲಿಕೆಯ ಏಣಿಯಲ್ಲೇ ಮೌಲ್ಯಮಾಪನದ ಮೆಟ್ಟಿಲೂ ಸೇರಿಕೊಂಡಿದೆ. ಮಗು ಹತ್ತಲಾಗದಿದ್ದರೆ ಪೂರಕ ಚಟುವಟಿಕೆ, ಹತ್ತಿದರೆ ಮುಂದಿನ ಮೆಟ್ಟಿಲು. ಯಾರೂ ಫೇಲಾಗುವುದಿಲ್ಲ, ಹಾಗಂತ ಕಲಿಯದೆ ಮುಂದಕ್ಕೂ ಹೋಗುವುದಿಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾದ ವ್ಯವಸ್ಥೆಯನ್ನು ನಾನು ಇನ್ನೊಂದು ಕಂಡಿಲ್ಲ. ಕೊಠಡಿಯಲ್ಲಿ ಮೂರು ತರಗತಿ, ಒಬ್ಬರೇ ಟೀಚರು ಎಂಬುದು ಬೇರೆ ಕತೆ, ಅದನ್ನು ಎಳೆದರೆ ಮಧ್ಯಾಹ್ನದ ಬಿಸಿಯೂಟದ ಹೊತ್ತಾಗುತ್ತದೆ.

ಸೊಸೆ ಈಗ ಮಾತಿಗೆ ಬಂದರು. "ಅಲ್ಲ ಸಾರ್, ಹಾಗಾದರೆ ಇದರಲ್ಲಿ 'ದಶಕ ತೆಗೆದುಕೊಳ್ಳುವುದು ಬರುತ್ತಿಲ್ಲ' ಅಂತ ಮಿಸ್ ಒಂದು ಸಾಲು ಬರೆದಿದ್ದರೆ ನನಗೇ ಹೇಳಿಕೊಡೋಕೆ ಆಗ್ತಿತ್ತಲ್ಲ?"

ಆಗುತ್ತಿತ್ತು. ಆದರೆ ಮಾರ್ಕ್ಸನ್ನೂ ಜೊತೆಗೆ ಬರೆದಿದ್ದರೆ ನೀವು ಆ ಸಾಲನ್ನು ಓದುತ್ತಿರಲಿಲ್ಲ ಅಂದೆ. ಇದು ನನ್ನ ಕುಹಕವಲ್ಲ. ರೂತ್ ಬಟ್ಲರ್ ಎಂಬ ಮನಶ್ಶಾಸ್ತ್ರಜ್ಞೆ ಇಸ್ರೇಲಿನ ಐದು-ಆರನೇ ತರಗತಿಯ ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಅಂಕವೂ ಟಿಪ್ಪಣಿಯೂ. 1988ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮುಂದಿನ ಸಲ ಸುಧಾರಿಸಿದವರು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರು ಬರೀ ಅಂಕ ಪಡೆದವರ ಹಾಗೇ ಉಳಿದರು. ಅಂಕ ಪಕ್ಕದಲ್ಲಿ ಕೂತ ಕೂಡಲೇ ಟಿಪ್ಪಣಿಯ ಬಾಯಿ ಕಟ್ಟಿಹೋಯಿತು. ಹತ್ತು ವರ್ಷದ ನಂತರ ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಸುಮಾರು 250 ಅಧ್ಯಯನಗಳನ್ನು ಜಾಲಾಡಿ, ಕಲಿಯುವಾಗಲೇ ತಿದ್ದುವ ಮೌಲ್ಯಮಾಪನದಿಂದ ಎಲ್ಲ ಮಕ್ಕಳಿಗೂ ಲಾಭ, ಹಿಂದುಳಿದವರಿಗೆ ಇನ್ನೂ ಹೆಚ್ಚು ಲಾಭ ಎಂದರು.

ಸಾಹುಕಾರರು ಒಪ್ಪಲಿಲ್ಲ. "ಮಾರ್ಕ್ಸೇ ಇಲ್ದಿದ್ರೆ ಹುಡುಗ ಎಲ್ಲಿ ನಿಂತವ್ನೆ ಅಂತ ತಿಳಿಯೋದು ಹೆಂಗೆ?"

ಯಾರ ಪಕ್ಕದಲ್ಲಿ ನಿಂತಿದ್ದಾನೆ ಅಂತ ಕೇಳುತ್ತೀರೋ, ಏನು ಬರುತ್ತದೆ ಅಂತ ಕೇಳುತ್ತೀರೋ, ಮೊದಲು ಹೇಳಿ ಎಂದೆ. ಸಿಇಟಿ ಇದೆ ನೋಡಿ, ಅಲ್ಲಿ ನಿಮ್ಮ ಹುಡುಗನಿಗೆ ಎಷ್ಟು ಬಂತು ಎನ್ನುವುದಕ್ಕಿಂತ ಮುಂದೆ ಎಷ್ಟು ಜನ ಇದ್ದಾರೆ ಎನ್ನುವುದು ಮುಖ್ಯ. ಸೀಟು ಕಡಿಮೆ, ಸಾಲು ಬೇಕೇ ಬೇಕು. ಎಸ್ಸೆಸ್ಸೆಲ್ಸಿಯದು ಗೆರೆ ದಾಟುವ ಪರೀಕ್ಷೆ. ಎಲ್ಲರೂ ದಾಟಿದರೆ ಯಾರಿಗೂ ನಷ್ಟವಿಲ್ಲ. ಇನ್ನು 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ದೇಶದಾದ್ಯಂತ ನಡೆದ 'ಪರಖ್' ಸಮೀಕ್ಷೆ. ಅದು ಜಿಲ್ಲೆಯ ನಾಡಿ ನೋಡುವಂಥದ್ದು, ಒಂದೊಂದು ಮಗುವಿಗೂ ಅಂಕ ಕೊಡುವಂಥದ್ದಲ್ಲ. ನಾಲ್ಕನೇ ಕ್ಲಾಸಿನ ಕಳೆಯುವ ಲೆಕ್ಕಕ್ಕೆ ಇವುಗಳಲ್ಲಿ ಯಾವುದರ ನಿಯಮವೂ ಸಲ್ಲದು.

ಅಲ್ಲದೆ ಅಂಕವನ್ನು ನೀವು ದೇವರ ತಕ್ಕಡಿ ಎಂದು ನಂಬಿದ್ದೀರಲ್ಲ, ಅದೂ ಪೊಳ್ಳು. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಹೈಸ್ಕೂಲುಗಳಿಗೆ ಹಂಚಿ 142 ಶಿಕ್ಷಕರಿಂದ ತಿದ್ದಿಸಿದರು. ಕಡಿಮೆ ಹಾಕಿದವರು 50 ಹಾಕಿದರು, ಹೆಚ್ಚು ಹಾಕಿದವರು 95ರ ಮೇಲೆ.

ಇದನ್ನು ಕೇಳಿ ಸಾಹುಕಾರರು ಮೊದಲ ಬಾರಿಗೆ ಸಮಾಧಾನಪಟ್ಟರು. "ಹಂಗನ್ನಿ! ನಮ್ಮ ಎಪಿಎಂಸಿಯಾಗೂ ಒಂದೇ ರಾಶಿಗೆ ಒಬ್ಬೊಬ್ರು ಒಂದೊಂದು ರೇಟು ಹಾಕ್ತಾರೆ. ಆದ್ರೆ ಅಲ್ಲಿ ಜಾಸ್ತಿ ಹಾಕಿದೋನಿಗೇ ಮಾಲು."

ಎಸ್ಸೆಸ್ಸೆಲ್ಸಿಯಲ್ಲಿ ಕೀ ಉತ್ತರ, ನೀಲನಕ್ಷೆ, ಮರುಎಣಿಕೆ, ಮರುಮೌಲ್ಯಮಾಪನ ಎಂದೆಲ್ಲ ಇಟ್ಟಿರುವುದು ಈ ವ್ಯತ್ಯಾಸ ತಗ್ಗಿಸಲೆಂದೇ. ಆದರೂ ಕಟ್ಟುನಿಟ್ಟು ಸ್ವಲ್ಪ ಬದಲಾದರೆ ಸಾಕು, ಅಂಕಿಯೇ ಬದಲಾಗುತ್ತದೆ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಮಕ್ಕಳ ತಲೆ ಒಂದೇ ವರ್ಷದಲ್ಲಿ ಅಷ್ಟು ಮಂದವಾಯಿತೆ? ಅದೇ ವರ್ಷ 5, 8, 9ನೇ ತರಗತಿಯ ಮಕ್ಕಳಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಎಂದು ಹೈಕೋರ್ಟಿನಲ್ಲಿ ಒಂದು ಪೀಠ ಬೇಡ ಎಂದಿತು, ಇನ್ನೊಂದು ನಡೆಸಿ ಎಂದಿತು, ಮಕ್ಕಳು ಬರೆದರು, ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಗುವಿನ ಪರೀಕ್ಷೆ ದೆಹಲಿಯ ತನಕ ಹೋಯಿತು. ಎಫ್ಎ ಪತ್ರಿಕೆಯಲ್ಲಿ ಕಂಡ ತಪ್ಪನ್ನು ಮಾರನೆಯ ದಿನ ತಿದ್ದಿದರೋ ಇಲ್ಲವೋ ಎಂದು ಕೇಳಲು ಮಾತ್ರ ಯಾರೂ ಯಾವ ಕೋರ್ಟಿಗೂ ಹೋದದ್ದಿಲ್ಲ.

ಎಫ್ಎ ಕೆಟ್ಟದ್ದು ಎಲ್ಲಿ ಎಂದರೆ, ಅದಕ್ಕೆ ಅಂಕ ಅಂಟಿಸಿದ ಕಡೆ. ಎಸ್ಸೆಸ್ಸೆಲ್ಸಿಯ ಆಂತರಿಕ 20 ಅಂಕ ನೋಡಿ, ನಮ್ಮ ಕಡೆ ಅದರಲ್ಲಿ 20 ಬಾರದ ಮಗುವನ್ನು ಹುಡುಕಲು ದುರ್ಬೀನು ಬೇಕು. ಚಟುವಟಿಕೆ ಎಂದರೆ ಅಂಗಡಿಯಲ್ಲಿ ಕೊಂಡ ಚಾರ್ಟು, ಬರೆದವರು ಅಪ್ಪ. ಮೇಷ್ಟ್ರಿಗೆ ಚಿಂತೆ ಇಲಾಖೆಯ ಕಂಪ್ಯೂಟರ್ ದಾಖಲೆಯಾದ ಎಸ್ಎಟಿಎಸ್‌ಗೆ ಅಂಕ ಏರಿಸುವ ಕೊನೆಯ ದಿನಾಂಕದ್ದು. ಅವರನ್ನು ದೂರಿ ಏನು ಪ್ರಯೋಜನ? ಮೇಲಿನವರು ಕೇಳುವುದು ಅಂಕ ತುಂಬಿದ ಕಾಲಂ, ದಶಕ ಕಲಿತ ಹುಡುಗನನ್ನಲ್ಲ. ಹಳೇ ಕಾಲದಲ್ಲಿ ಸ್ಲೇಟು ಅದಲುಬದಲು ಮಾಡಿ ಪಕ್ಕದವನ ಲೆಕ್ಕ ತಿದ್ದಿಸುತ್ತಿದ್ದೆವಲ್ಲ, ಅದಕ್ಕೀಗ ಸಹಪಾಠಿ ಮೌಲ್ಯಮಾಪನ ಎಂಬ ದೊಡ್ಡ ಹೆಸರಿದೆ. ಯಾವ ಕಾಲಂಗೂ ಸೇರದ ಆ ಐದು ನಿಮಿಷದಲ್ಲಿ ನಿಜವಾದ ಎಫ್ಎ ನಡೆದುಹೋಗುತ್ತಿತ್ತು.

ಸಾಹುಕಾರರ ಸೊಸೆ ಆಗಲೇ ಪೊರಕೆಯಿಂದ ಕಡ್ಡಿ ಮುರಿಯುತ್ತಿದ್ದರು.

ಪಾಠ ಹೇಳುತ್ತಿರುವ ಗೆಳೆಯ ಗೆಳತಿಯರೇ, ಎಫ್ಎ-2ರ ಪತ್ರಿಕೆಯನ್ನು ಎಸ್ಎ-1 ಶುರುವಾಗುವ ಮುಂಚೆಯೇ ಮಕ್ಕಳ ಕೈಗೆ ಕೊಡಿ. ಅಂಕ ನಿಮ್ಮ ದಾಖಲೆ ಪುಸ್ತಕದಲ್ಲಿ ಇರಲಿ, ಕಂಪ್ಯೂಟರಿಗೂ ಹೋಗಲಿ; ಮಗುವಿನ ಹಾಳೆಯ ಮೇಲೆ ಎಲ್ಲಿ ಎಡವಿದೆ, ಏನು ಮಾಡಬೇಕು ಎಂದು ಒಂದೇ ಒಂದು ಸಾಲು ಬರೆಯಿರಿ. ಐವತ್ತು ಮಕ್ಕಳಿದ್ದರೆ ಕಷ್ಟ, ಗೊತ್ತು. ದಿನಕ್ಕೆ ಹತ್ತು ಮಕ್ಕಳದ್ದು ಬರೆದರೂ ವಾರದೊಳಗೆ ಮುಗಿಯುತ್ತದೆ.