ಕೊರಿಯೋಪಾಸಿಕೆ

ಶಿವಮೊಗ್ಗೆಯ ಗಡಿಯಾರಗಳಲ್ಲಿ ರಾತ್ರಿ ಎಂಟೂವರೆಯಾಯಿತೆಂದರೆ ದಕ್ಷಿಣ ಕೊರಿಯದ ರಾಜಧಾನಿಯಾದ ಸೋಲ್ ನಗರದಲ್ಲಿ ನಡುರಾತ್ರಿಯಾಗಿ ಹೊಸ ದಿನ ಹುಟ್ಟುವುದೆಂಬ ಭೂಗೋಳಸತ್ಯವನ್ನು, ಪ್ರೌಢಶಾಲೆಯಲ್ಲಿ ರೇಖಾಂಶಗಳ ಪಾಠ ನಡೆಯುತ್ತಿದ್ದಾಗ ತೂಕಡಿಸುತ್ತಿದ್ದ ಹುಡುಗಿಯೊಬ್ಬಳು, ಆ ಮುಹೂರ್ತಕ್ಕೆ ಸರಿಯಾಗಿ ಊಟದ ತಟ್ಟೆಯ ಮುಂದಿನಿಂದ ಎದ್ದುಹೋಗುವುದರ ಮೂಲಕ, ತನ್ನ ಮನೆಮಂದಿಗೆಲ್ಲ ಕಲಿಸಿಬಿಟ್ಟಿದ್ದಾಳೆ. ಅಲ್ಲಿನ ಗಾಯಕರ ಹುಟ್ಟುಹಬ್ಬವೇ ಮೊದಲಾದ ಶುಭಸಮಾಚಾರಗಳು ಬಹುಮಟ್ಟಿಗೆ ಅಲ್ಲಿನ ನಡುರಾತ್ರಿಯಲ್ಲೇ ಹೊರಬೀಳುವುದರಿಂದ, ಸಾರು ಮುಗಿದು ಮಜ್ಜಿಗೆಯ ಪಾತ್ರೆ ಬರುವ ಹೊತ್ತಿಗೆ ಅವಳು ನಡುಮನೆಯ ಮೂಲೆಯಲ್ಲಿ ಮೊಬೈಲಿನ ಸನ್ನಿಧಿಯಲ್ಲಿರುತ್ತಾಳೆ. ಇವಳನ್ನು ನಾನು ಕೊರಿಯೋಪಾಸಿಕೆಯೆಂದು ಕರೆದಿದ್ದೇನೆ. ಸಂಧಿದೋಷವಿದ್ದರೆ ಪಂಡಿತರು ಮನ್ನಿಸಲಿ. ಇಂಥವಳು ನಿಮ್ಮ ಓಣಿಯಲ್ಲಿಯೂ ಒಬ್ಬಳಿದ್ದಾಳೆ. ನಾನು ಬಣ್ಣಿಸಹೊರಟವಳು ನಮ್ಮ ಓಣಿಯವಳು.

2012ರಲ್ಲಿ ಕೊರಿಯದ ಗಾಯಕನೊಬ್ಬನ ಕುದುರೆಸವಾರಿಯ ನರ್ತನವು ಯೂಟ್ಯೂಬಿನಲ್ಲಿ ಎಲ್ಲಕ್ಕಿಂತ ಮೊದಲು ನೂರು ಕೋಟಿ ವೀಕ್ಷಣೆಗಳ ಗಡಿ ದಾಟಿ, ನಮ್ಮ ಗಣಪತಿ ಪೆಂಡಾಲುಗಳ ತನಕ ಕುಣಿದು ಬಂದಾಗ ಇವಳಿನ್ನೂ ಬಾಲೆ. ಅದರಿಂದ ವಿಶೇಷ ಪರಿಣಾಮವೇನೂ ಆಗಲಿಲ್ಲ. ನಿಜವಾದ ದೀಕ್ಷೆಯಾದದ್ದು 2020ರಲ್ಲಿ. ಪಿಯುಸಿ ಮುಗಿಸಿ ಲಾಕ್‌ಡೌನಿನಲ್ಲಿ ಮನೆಯೊಳಗೆ ಸೆರೆಯಾಗಿದ್ದ ಅವಳು, ದಕ್ಷಿಣ ಕೊರಿಯದ ಶ್ರೀಮಂತ ಕನ್ಯೆಯೊಬ್ಬಳು ಪ್ಯಾರಾಗ್ಲೈಡಿಂಗ್ ಮಾಡುತ್ತ ಬಿರುಗಾಳಿಗೆ ಸಿಕ್ಕಿ ಉತ್ತರ ಕೊರಿಯದಲ್ಲಿ ಬಿದ್ದು ಅಲ್ಲಿನ ಸೈನಿಕನನ್ನು ಪ್ರೀತಿಸುವ ಹದಿನಾರು ಕಂತುಗಳ ಕಥೆಯನ್ನು ನೋಡಿ ಮುಗಿಸಿದ್ದೇ ತಡ, ಮೊಬೈಲೆಂಬ ಆ ಯಂತ್ರವು, ಎಲೆಯ ಮೇಲೆ ಕೈ ಅಡ್ಡವಿಟ್ಟರೂ ಬಡಿಸಿಯೇ ತೀರುವ ಬೀಗರ ಮನೆಯ ಅಡಿಗೆಯವನಂತೆ, ಎರಡನೆಯದನ್ನು ಬಡಿಸಿತು, ಮೂರನೆಯದನ್ನೂ ಬಡಿಸಿತು. ಪರಭಾಷೆಯ ಚಿತ್ರಗಳು ಕನ್ನಡದ ದನಿಯಲ್ಲಿ ಒಳಬಾರದಂತೆ ನಮ್ಮ ಚಿತ್ರೋದ್ಯಮವು ದಶಕಗಳ ಕಾಲ ಹೆಬ್ಬಾಗಿಲಲ್ಲಿ ಕಾವಲು ನಿಂತಿತ್ತೆಂಬುದು ಸರ್ವವಿದಿತ; ಆದರೆ ಮನೆಯ ಮಗಳೇ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿಬಿಡುವಳೆಂದು ಯಾರು ತಾನೆ ಊಹಿಸಿದ್ದರು?

ಆಮೇಲೆ ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದವಳಿಗೆ ಪೀಜಿಯಲ್ಲಿ ಇಂಫಾಲದ ಹುಡುಗಿಯೊಬ್ಬಳು ಕೋಣೆಯ ಜೊತೆಗಾತಿಯಾದಳು. ಮಣಿಪುರದಲ್ಲಿ 2000ದಲ್ಲಿ ಉಗ್ರ ಸಂಘಟನೆಯೊಂದು ಹಿಂದಿ ಚಿತ್ರಗಳಿಗೆ ಬಹಿಷ್ಕಾರ ಹಾಕಿದಾಗ ಬರಿದಾದ ಪರದೆಯನ್ನು ತುಂಬಿದ್ದು ಕೊರಿಯದ ಅರಿರಾಂಗ್ ವಾಹಿನಿ ಮತ್ತು ಸಂತೆಯಲ್ಲಿ ಮಾರುತ್ತಿದ್ದ ಸಿಡಿಗಳಾದ್ದರಿಂದ, ಆ ಹುಡುಗಿಯ ತಾಯಿಯೇ ಕೊರಿಯದ ಹಳೆಯ ಉಪಾಸಿಕೆ. ತಾನು ನಿನ್ನೆ ಮೊನ್ನೆಯ ಭಕ್ತೆ, ಇವಳದು ಎರಡು ತಲೆಮಾರಿನ ಮನೆತನ ಎಂದು ತಿಳಿದಾಗ ನಮ್ಮವಳಿಗಾದ ಸಂಕೋಚ ಅಷ್ಟಿಷ್ಟಲ್ಲ. ಮಣಿಪುರವು ಭೂಪಟದಲ್ಲಿ ಎಲ್ಲಿದೆಯೆಂಬುದನ್ನು ಕೊರಿಯದ ಮಾರ್ಗವಾಗಿ ಅರಿತುಕೊಂಡ ಕನ್ನಡತಿಯರಲ್ಲಿ ಅವಳೇ ಮೊದಲಿಗಳಿರಲಾರಳು.

ಈಗ ಅವಳು ಮನೆಯಿಂದಲೇ ಕಂಪೆನಿಯ ಕೆಲಸ ಮಾಡುತ್ತಿರುವುದರಿಂದ ಉಪಾಸನೆಯ ಸಕಲ ಅಂಗಗಳನ್ನೂ ನಾವು ಹತ್ತಿರದಿಂದ ಕಾಣಬಹುದಾಗಿದೆ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಯನ್ನು ಸೇರಿ ಅಲ್ಲಿಂದ ಗೌರಿ ಎಂಬ ಹಸುವಿನ ಉದರವನ್ನು ಸೇರುವುದು ಆ ಮನೆಯ ಅನಾದಿ ಪದ್ಧತಿಯಾಗಿತ್ತು. ಕೊರಿಯದ ಲಲನೆಯರ ಗಾಜಿನಂಥ ಮುಖಕಾಂತಿಗೆ ಅದೇ ನೀರು ಕಾರಣವೆಂದು ಮೊಬೈಲು ಉಪದೇಶಿಸಿದಂದಿನಿಂದ ಅದು ಒಂದು ಸೀಸೆಯಲ್ಲಿ ಫ್ರಿಜ್ಜನ್ನು ಸೇರುತ್ತಿದೆ. “ಗೌರಿ ಹುಟ್ಟಿದಾಗಿನಿಂದ ಅದನ್ನೇ ಕುಡಿದಿದ್ದಾಳೆ, ಅವಳ ಮೈ ನೋಡು ಹೇಗೆ ಮಿಂಚುತ್ತೆ” ಎಂದು ಅಜ್ಜಿ ಅಂದದ್ದು ಸಮರ್ಥನೆಯೋ ಆಕ್ಷೇಪಣೆಯೋ ಇನ್ನೂ ನಿರ್ಧಾರವಾಗಿಲ್ಲ.

ಆದರೆ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಉಪ್ಪಿನಕಾಯಿಯ ಪ್ರಕರಣ. ಪ್ರತಿ ಬೇಸಗೆಯಲ್ಲಿಯೂ ಅವರ ಮನೆಗೆ ಸಾಗರದ ಕಡೆಯಿಂದ ಅಪ್ಪೆಮಿಡಿ ಬರುತ್ತದೆ. ಅತ್ತೆ, ಚಿಕ್ಕಮ್ಮ, ನೆರೆಯವರು ಎಲ್ಲರೂ ಕೂಡಿ ತೊಟ್ಟು ಮುರಿದು, ಸೊನೆ ಒರಸಿ, ಉಪ್ಪಿನಲ್ಲಿ ಚಿರುಟಿಸಿ, ಖಾರ ಅರೆದು ಭರಣಿ ತುಂಬಿಸುವ ಆ ಎರಡು ವಾರಗಳಲ್ಲಿ ನಮ್ಮ ಉಪಾಸಿಕೆಗೆ ತಪ್ಪದೆ ತಲೆನೋವು ಬರುವುದು. ಅದೇ ತಲೆನೋವಿನಲ್ಲಿ ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ನೋಡುವುದೇನೆಂದರೆ, ಚಳಿಗಾಲಕ್ಕೆ ಮುನ್ನ ಕೊರಿಯದ ಹೆಂಗಸರು ಅತ್ತೆ, ಚಿಕ್ಕಮ್ಮ, ನೆರೆಯವರೊಡನೆ ಕೂಡಿ ಕೋಸಿಗೆ ಉಪ್ಪು ಖಾರ ಬಳಿದು ಕಿಮ್ಚಿಯ ಭರಣಿಗಳನ್ನು ತುಂಬಿಸುವ ಕಿಮ್‌ಜಾಂಗ್ ಎಂಬ ಸಂಪ್ರದಾಯವನ್ನು. 2013ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಆ ದೃಶ್ಯವನ್ನು ಕಂಡಾಗಲೆಲ್ಲ ಅವಳ ಕಣ್ಣು ಒದ್ದೆಯಾಗುತ್ತದೆ. “ಎಷ್ಟು ಚೆನ್ನಾಗಿ ಎಲ್ಲರೂ ಒಟ್ಟಿಗೆ ಕೂತು ಮಾಡ್ತಾರೆ ನೋಡಮ್ಮ!” ಎಂದು ಅಡಿಗೆಮನೆಗೆ ಓಡಿಬಂದು ತೋರಿಸಿದಾಗ, ಮೊಣಕೈತನಕ ಖಾರ ಮೆತ್ತಿಕೊಂಡಿದ್ದ ತಾಯಿಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ.

ಇದನ್ನು ಕಂಡು ಸಂಸ್ಕೃತಿಯೇ ಮುಳುಗಿತೆಂದು ಪ್ರಲಾಪಿಸುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಜನ್ಮದಲ್ಲಿ ಕಣ್ಣಿಂದ ಕಾಣದ ಡ್ಯಾಫೊಡಿಲ್ ಹೂವಿಗಾಗಿ ಪರೀಕ್ಷೆಯಲ್ಲಿ ಎರಡು ಪುಟ ಆನಂದಪಟ್ಟ ತಲೆಮಾರು ನಮ್ಮದು.

ಬಿಟಿಎಸ್ ಎಂಬ ವೃಂದದ ಏಳು ತರುಣರು ತಮ್ಮ ದೇಶದ ಕಾನೂನಿನಂತೆ 2022ರ ಡಿಸೆಂಬರಿನಿಂದ ಒಬ್ಬೊಬ್ಬರಾಗಿ ಕಡ್ಡಾಯ ಸೇವೆಗೆ ತೆರಳಿದ ಮೇಲೆ, ಕೊನೆಯವನು 2025ರ ಜೂನಿನಲ್ಲಿ ಬಿಡುಗಡೆಯಾಗುವ ತನಕ, ಅವಳು ದಿನಗಳನ್ನು ಗುರುತುಹಾಕಿಕೊಂಡದ್ದು ತಾಯಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಆದ್ದರಿಂದ (ಗೌರಿ ಆಗ ಬತ್ತಿದ್ದಳು), ಹಾಲಿನವನಿಗೂ ಆ ಮನೆಗೂ ಒಂದು ಸಣ್ಣ ವ್ಯಾಜ್ಯವೇ ನಡೆಯಿತು. ಅಜ್ಜಿಗೆ ಈ ಏಳು ಮಂದಿಯ ವಿಷಯದಲ್ಲಿ ಮೊದಮೊದಲು ಇದ್ದ ಶಂಕೆಯು, ಒಬ್ಬನ ಚಿತ್ರವನ್ನು ಕನ್ನಡಕವೇರಿಸಿ ಪರೀಕ್ಷಿಸಿದ ದಿನ ಪರಿಹಾರವಾಯಿತು. “ಕಿವಿಗೆ ಕಡಕು ಹಾಕಿದ್ದಾನಲ್ಲೇ ಪುಟ್ಟಿ, ಸಂಪ್ರದಾಯಸ್ಥರ ಮನೆ ಹುಡುಗನೇ ಇರಬೇಕು. ಯಾವ ಗೋತ್ರವಂತೆ?”

ಕಳೆದ ಯುಗಾದಿಯ ಮಾರನೆಯ ದಿನ ಅವರ ಮನೆಗೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ದಯಮಾಡಿಸಿದ್ದರು. ಮೊಬೈಲಿನಿಂದ ನಮ್ಮ ಯುವಜನಾಂಗಕ್ಕೆ ಒದಗಿರುವ ವಿನಾಶವನ್ನು ಕುರಿತು ಅವರು ಮುಕ್ಕಾಲು ಗಂಟೆ ಪ್ರವಚನ ನೀಡಿ ಇನ್ನೇನು ಉಪಸಂಹಾರಕ್ಕೆ ಬರಬೇಕೆನ್ನುವಷ್ಟರಲ್ಲಿ, ನಮ್ಮ ಉಪಾಸಿಕೆಯು ಕಾಫಿ ತಂದಳು; ತಂದವಳು, ತಾನು ಅನೇಕ ನೂರು ಕಂತುಗಳಲ್ಲಿ ಕಂಡು ಕರಗತ ಮಾಡಿಕೊಂಡಿದ್ದ ಕ್ರಮದಂತೆ, ನಡುವನ್ನು ಪೂರ್ತಿಯಾಗಿ ಬಾಗಿಸಿ ವಂದಿಸಿ, ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಅರ್ಪಿಸಿ, ಹಿರಿಯರೆದುರು ನೇರವಾಗಿ ಕುಡಿಯಬಾರದೆಂದು ತನ್ನ ಕಾಫಿಯನ್ನು ಮುಖ ಓರೆಮಾಡಿಕೊಂಡು ಕುಡಿದಳು. ಮೇಷ್ಟರು ಮೂಕರಾದರು, ಅವರ ಕಣ್ಣಂಚಿನಲ್ಲಿ ನೀರು ಕಂಡಿತೆಂದು ಅಲ್ಲಿದ್ದವರು ಹೇಳುತ್ತಾರೆ. ಇದೆಲ್ಲ ಯಾರ ಶಿಕ್ಷಣವೆಂದು ಅವರು ಗದ್ಗದರಾಗಿ ಕೇಳಿದಾಗ, ಅಜ್ಜಿ ಎಳ್ಳಷ್ಟೂ ಹಿಂಜರಿಯದೆ, “ನಾನೇ ಕಲಿಸಿದ್ದು” ಎಂದರು.

ಮರುವಾರವೇ ಪತ್ರಿಕೆಯೊಂದರ ವಾಚಕರ ಅಂಕಣದಲ್ಲಿ, ಮೊಬೈಲಿನ ಮಾಯೆಗೆ ಸಿಲುಕದೆ ಮಲೆನಾಡಿನ ವಿನಯವನ್ನು ಉಳಿಸಿಕೊಂಡಿರುವ ಒಬ್ಬ ಆದರ್ಶ ಕನ್ಯೆಯನ್ನು ಹೆಸರಿಸದೆ ಕೊಂಡಾಡಿದ ಅವರ ಪತ್ರವು ಪ್ರಕಟವಾಯಿತು. ಅದರ ಚಿತ್ರ ತೆಗೆದು ಬಿಟಿಎಸ್ ಆರಾಧಕಿಯರ ವಾಟ್ಸಾಪ್ ಗುಂಪಿಗೆ ಹಾಕಿದವಳು, ನಮ್ಮ ಉಪಾಸಿಕೆಯಷ್ಟೇ ನಿಷ್ಠಾವಂತೆಯಾದ ಮೇಷ್ಟರ ಸ್ವಂತ ಮೊಮ್ಮಗಳು. ಇಂಫಾಲದ ಗೆಳತಿಯು ಪತ್ರವನ್ನು ಮೊಬೈಲಿನಿಂದಲೇ ಭಾಷಾಂತರ ಮಾಡಿಸಿಕೊಂಡು ಸಾದ್ಯಂತ ಓದಿ, ಇಷ್ಟು ಸೂಕ್ಷ್ಮವಾಗಿ ಎಲ್ಲವನ್ನೂ ಗಮನಿಸಿರುವ ಈ ಅಜ್ಜನವರು ಯಾವ ಯಾವ ಧಾರಾವಾಹಿಗಳನ್ನು ನೋಡುತ್ತಾರೆಂದು ವಿಚಾರಿಸಿದಳಂತೆ.